2 ಡಾಲರ್ ನೋಟು: ಎಲ್ಲರ ಹತ್ತಿರವೂ ಇದೆ, ಯಾರೂ ಖರ್ಚು ಮಾಡಲ್ಲ. ಯಾಕೆ?

ಮಲೆನಾಡ ಮಾಣಿ
ಅಮೆರಿಕದಲ್ಲಿರುವ ಕನ್ನಡಿಗರಿಗೆ ಒಂದು ಪ್ರಶ್ನೆ. ಮೊನ್ನೆ ಬ್ಯಾಂಕಿನಲ್ಲಿ ಚಿಲ್ಲರೆ ಕೇಳಿದೆ. ಕೌಂಟರಿನಲ್ಲಿದ್ದಾಕೆ ನಗುತ್ತಾ ಒಂದಷ್ಟು 2 ಡಾಲರ್ ನೋಟು ಎಣಿಸಿ ಕೊಟ್ಟರು. ಯಾರೋ ಕಟ್ಟಿ ಹೋಗಿದ್ದಂತೆ, ಡ್ರಾಯರಿನಲ್ಲಿ ಸುಮ್ನೆ ಬಿದ್ದಿತ್ತಂತೆ. ಇಲ್ಲಿಗೆ ಬಂದು ಇಷ್ಟು ವರ್ಷ ಆದರೂ ನಾನು ಈ ನೋಟನ್ನು ಕೈಯಲ್ಲಿ ಹಿಡಿದಿದ್ದು ಅದೇ ಮೊದಲು.

ಅಲ್ಲಿಂದ ಒಂದು ದಿನಸಿ ಅಂಗಡಿಗೆ ಹೋಗಿ ಹಾಲು, ಬ್ರೆಡ್ಡಿಗೆ ಅದನ್ನೇ ಕೊಟ್ಟೆ. ಕ್ಯಾಶಿಯರ್ ಹುಡುಗ ತಿರುಗಿಸಿ ನೋಡಿದ, ಬೆಳಕಿಗೆ ಹಿಡಿದ, ಆಮೇಲೆ ಮ್ಯಾನೇಜರನ್ನು ಕರೆದ. ಅವನು ಬಂದು "ಬೇರೆ ನೋಟು ಇದೆಯಾ" ಅಂದ. ಹಿಂದೆ ಕ್ಯೂನಲ್ಲಿದ್ದವರೆಲ್ಲ ನನ್ನನ್ನು ಕಳ್ಳನೋಟಿನವನ ಹಾಗೆ ನೋಡಿದರು. ಕಾರ್ಡ್ ಉಜ್ಜಿ ಹೊರಗೆ ಬಂದೆ.

ಸರ್ಕಾರವೇ ಅಚ್ಚು ಹಾಕಿದ ನೋಟು, ಇನ್ನೂ ಚಲಾವಣೆಯಲ್ಲಿದೆ ಅಂತಾರೆ. ಹಾಗಿದ್ದರೆ ಯಾಕೆ ಯಾರೂ ಬಳಸುವುದಿಲ್ಲ? ಅಂಗಡಿಯವನು ಬೇಡ ಅನ್ನಬಹುದಾ?

ಬೆಣ್ಣೆ ದೋಸೆ
ಖರ್ಚು ಮಾಡಬೇಡಿ ಮಾರಾಯ್ರೇ! ತೆಗೆದಿಡಿ. ಈಗ ಪ್ರಿಂಟ್ ಮಾಡುವುದನ್ನೇ ನಿಲ್ಲಿಸಿದ್ದಾರೆ. ಮುಂದೆ ಸಾವಿರಾರು ಡಾಲರ್ ಆಗುತ್ತದೆ.

ನಾಣ್ಯದ ಹುಚ್ಚ
ಮಾಣಿ, ನಿಮ್ಮ ಪ್ರಶ್ನೆಗೆ ಉತ್ತರ ಮೇಲಿನ ಕಾಮೆಂಟಿನಲ್ಲೇ ಇದೆ. ನೋಟು ಅಪರೂಪ ಅಂದುಕೊಂಡು ಎಲ್ಲರೂ ಎತ್ತಿಡುತ್ತಾರೆ. ಎಲ್ಲರೂ ಎತ್ತಿಟ್ಟಿದ್ದರಿಂದ ಅದು ಕಣ್ಣಿಗೆ ಬೀಳುವುದಿಲ್ಲ. ಕಣ್ಣಿಗೆ ಬೀಳದ್ದರಿಂದ ಅಪರೂಪ ಅನ್ನಿಸುತ್ತದೆ. ಇಷ್ಟೇ ಕತೆ.

ಪ್ರಿಂಟ್ ನಿಲ್ಲಿಸಿದ್ದಾರೆ ಅನ್ನುವುದು ಸುಳ್ಳು. ಪ್ರತಿ ವರ್ಷ ಹಾಕುವುದಿಲ್ಲ, ಅಲ್ಲಿನ ಕೇಂದ್ರ ಬ್ಯಾಂಕ್ ಆದ ಫೆಡರಲ್ ರಿಸರ್ವ್ ಆರ್ಡರ್ ಕೊಟ್ಟಾಗ ಹಾಕುತ್ತಾರೆ. ಲೆಕ್ಕದ ಪ್ರಕಾರ ಚಲಾವಣೆಯಲ್ಲಿ ನೂರು ಕೋಟಿಗೂ ಜಾಸ್ತಿ 2 ಡಾಲರ್ ನೋಟು ಇವೆ. ಅಮೆರಿಕದ ತಲೆಗೊಂದರಂತೆ ಹಂಚಿದರೂ ಮಿಗುತ್ತವೆ. ಎಲ್ಲವೂ ಡ್ರಾಯರ್, ಹಳೇ ಪುಸ್ತಕ, ಅಜ್ಜಿಯ ಪೆಟ್ಟಿಗೆಯಲ್ಲಿ ಕೂತಿವೆ.

ಸ್ವಲ್ಪ ಇತಿಹಾಸ. ಮೊದಲು ಬಂದಿದ್ದು 1862ರಲ್ಲಿ, ಅಂತರ್ಯುದ್ಧದ ಕಾಲದಲ್ಲಿ. ಆಗ ಅದರ ಮೇಲೆ ದೇಶದ ಮೊದಲ ಖಜಾನೆ ಕಾರ್ಯದರ್ಶಿ ಹ್ಯಾಮಿಲ್ಟನ್ ಇದ್ದ. 1869ರಿಂದ ಮೂರನೇ ಅಧ್ಯಕ್ಷ ಜೆಫರ್ಸನ್. ಯಾರೂ ಬಳಸುವುದಿಲ್ಲ ಅಂತ 1966ರಲ್ಲಿ ನಿಲ್ಲಿಸಿದರು. ದೇಶಕ್ಕೆ 200 ವರ್ಷ ತುಂಬಿದಾಗ, 1976ರ ಏಪ್ರಿಲ್ 13ರಂದು ಮತ್ತೆ ಬಿಟ್ಟರು. ಅದು ಜೆಫರ್ಸನ್ ಹುಟ್ಟಿದ ದಿನ. ಹಿಂಬದಿಯಲ್ಲಿ ಮೊದಲು ಅವನ ಮನೆ ಮಾಂಟಿಚೆಲ್ಲೋ ಇತ್ತು. ಹೊಸದರಲ್ಲಿ ಚಿತ್ರಕಾರ ಟ್ರಂಬುಲ್ ಬರೆದ ಸ್ವಾತಂತ್ರ್ಯ ಘೋಷಣೆಯ ಚಿತ್ರ ಹಾಕಿದರು. ಮೂಲ ಚಿತ್ರ ಅಗಲ ಜಾಸ್ತಿ, ನೋಟಿಗೆ ಹಿಡಿಸಲಿಲ್ಲ. ಅಂಚಿನಲ್ಲಿದ್ದ ಕೆಲವು ಮಹನೀಯರನ್ನು ಕತ್ತರಿಸಿಯೇ ಬಿಟ್ಟರು!

ಸರ್ಕಾರದ ಉದ್ದೇಶ ಹಬ್ಬ ಮಾಡುವುದಷ್ಟೇ ಆಗಿರಲಿಲ್ಲ. 1 ಡಾಲರ್ ನೋಟು ಅಚ್ಚು ಹಾಕುವುದಕ್ಕೂ 2 ಡಾಲರ್ ನೋಟು ಅಚ್ಚು ಹಾಕುವುದಕ್ಕೂ ಖರ್ಚು ಒಂದೇ. ಜನ 2ನ್ನು ಬಳಸಿದರೆ ಅಷ್ಟರಮಟ್ಟಿಗೆ 1ರ ನೋಟು ಕಡಿಮೆ ಸಾಕು, ದುಡ್ಡು ಉಳಿಯುತ್ತದೆ ಅನ್ನುವ ಲೆಕ್ಕಾಚಾರ. ಆದರೆ 200ನೇ ವರ್ಷದ ನೆನಪಿಗೆ ಅಂತ ಬಿಟ್ಟಿದ್ದೇ ಎಡವಟ್ಟಾಯಿತು. ಜನ ಮೊದಲ ದಿನವೇ ಪೋಸ್ಟ್ ಆಫೀಸಿಗೆ ಹೋಗಿ, ನೋಟಿನ ಮೇಲೆ ಸ್ಟಾಂಪ್ ಅಂಟಿಸಿ, ತಾರೀಖಿನ ಮುದ್ರೆ ಹಾಕಿಸಿಕೊಂಡು ಮನೆಗೆ ತಂದು ಇಟ್ಟರು. ನೆನಪಿನ ಕಾಣಿಕೆ ಅಂತ ಕೊಟ್ಟಿದ್ದನ್ನು ಯಾರು ತರಕಾರಿಗೆ ಕೊಡುತ್ತಾರೆ ಹೇಳಿ?

ಬೆಣ್ಣೆ ದೋಸೆ
ನಮ್ಮ ಫ್ಯಾಮಿಲಿ ಗ್ರೂಪಿನಲ್ಲಿ 4500 ಡಾಲರಿಗೆ ಹೋಯಿತು ಅಂತ ಬಂದಿತ್ತಲ್ಲ?

ನಾಣ್ಯದ ಹುಚ್ಚ
1890ರ ಸುಮಾರಿನ ದೊಡ್ಡ ಸೈಜಿನ ನೋಟು ಗರಿಗರಿಯಾಗಿ ಇದ್ದರೆ ಹೋಗುತ್ತದೆ. ಕೆಂಪು ಸೀಲಿನ 1953, 1963ರ ಸರಣಿಗಳಿಗೆ ಮುಖಬೆಲೆಗಿಂತ ಸ್ವಲ್ಪ ಹೆಚ್ಚು ಸಿಗುತ್ತದೆ. ಹಸಿರು ಸೀಲಿನ 1976ರದ್ದು ಬಳಸಿ ಮಾಸಿದ್ದರೆ ಬೆಲೆ ಎಷ್ಟು ಗೊತ್ತಾ? 2 ಡಾಲರ್. ಸೀರಿಯಲ್ ನಂಬರ್ ವಿಶೇಷವಾಗಿದ್ದರೆ, ಕೊನೆಯಲ್ಲಿ ನಕ್ಷತ್ರದ ಗುರುತಿದ್ದರೆ ಮಾತು ಬೇರೆ.

ಕೌಂಟರ್ ಕಮಲ
ಓದುವ ಕಾಲದಲ್ಲಿ ನಾನು ಕ್ಯಾಂಪಸ್ಸಿನ ಕ್ಯಾಂಟೀನಿನಲ್ಲಿ ಗಲ್ಲಾದ ಮೇಲೆ ಕೂರುತ್ತಿದ್ದೆ. ಇತಿಹಾಸ ಎಲ್ಲ ಸರಿ, ಆದರೆ ಅಸಲಿ ಕಾರಣ ಗಲ್ಲಾಪೆಟ್ಟಿಗೆಯ ಒಳಗಿದೆ. ಟ್ರೇನಲ್ಲಿ 1, 5, 10, 20ಕ್ಕೆ ಒಂದೊಂದು ಖಾನೆ. ಕೆಲವದರಲ್ಲಿ ಇನ್ನೊಂದು ಇರುತ್ತದೆ, ಅಲ್ಲಿ ಕೂಪನ್ ತುಂಬಿರುತ್ತದೆ. 2ಕ್ಕೆ ಜಾಗವೇ ಇಲ್ಲ. ಯಾರಾದರೂ ಕೊಟ್ಟರೆ ಟ್ರೇ ಎತ್ತಿ, ಕೆಳಗೆ 50, 100ರ ನೋಟು, ಚೆಕ್ಕುಗಳ ಜೊತೆ ತುರುಕಬೇಕು. ಅಲ್ಲಿ ಹೋದದ್ದು ಮತ್ತೆ ಗಿರಾಕಿಯ ಕೈಗೆ ಬರುವುದಿಲ್ಲ. ರಾತ್ರಿ ಸೀದಾ ಬ್ಯಾಂಕಿಗೆ.

ಇನ್ನೊಂದು ವಿಷಯ. ಬಂದ 2 ಡಾಲರ್ ನೋಟು ಬ್ಯಾಂಕಿನವರೆಗೂ ಹೋಗುತ್ತಿದ್ದದ್ದೇ ಕಡಿಮೆ. ಕೂತವರು ತಮ್ಮ ಪರ್ಸಿನಿಂದ ಎರಡು ಒಂದರ ನೋಟು ಹಾಕಿ, ಅದನ್ನು ಎತ್ತಿಕೊಳ್ಳುತ್ತಿದ್ದರು. ನಾನೂ ಎತ್ತಿಕೊಂಡಿದ್ದೇನೆ. ಈಗ ಎಲ್ಲಿದೆಯೋ ಏನೋ.

ಮಲೆನಾಡ ಮಾಣಿ
ಕಮಲ ಅವರೇ, ಹಾಗಾದರೆ ಆ ಹುಡುಗ ಬೆಳಕಿಗೆ ಹಿಡಿದಿದ್ದು ಯಾಕೆ? ನಕಲಿ ಅಂತ ಅನುಮಾನವಾ?

ನಾಣ್ಯದ ಹುಚ್ಚ
ಅದಕ್ಕೆ ಒಳ್ಳೆಯ ಕಾರಣ ಇದೆ. 5 ಡಾಲರಿನಿಂದ ಮೇಲಿನ ನೋಟುಗಳಲ್ಲಿ ಭದ್ರತಾ ಎಳೆ, ನೀರುಗುರುತು ಎಲ್ಲ ಇರುತ್ತವೆ. ಕ್ಯಾಶಿಯರುಗಳಿಗೆ ಹೇಳಿಕೊಡುವುದೂ ಅದನ್ನೇ, ಬೆಳಕಿಗೆ ಹಿಡಿ, ಎಳೆ ನೋಡು. 1 ಮತ್ತು 2ರ ನೋಟಿನಲ್ಲಿ ಅವು ಇಲ್ಲವೇ ಇಲ್ಲ. 1ರ ನೋಟು ದಿನಾ ನೋಡುತ್ತಾರೆ, ಅದನ್ನು ಯಾರೂ ಪರೀಕ್ಷೆ ಮಾಡುವುದಿಲ್ಲ. 2ರದ್ದು ಕಂಡಿಲ್ಲ, ಅದಕ್ಕೆ ಬೆಳಕಿಗೆ ಹಿಡಿಯುತ್ತಾರೆ. ಹಿಡಿದರೆ ಏನೂ ಕಾಣುವುದಿಲ್ಲ. ಪಾಪ, ಹುಡುಗನಿಗೆ ಅನುಮಾನ ಇನ್ನೂ ಜಾಸ್ತಿ ಆಗಿರುತ್ತದೆ. 1976ರ ಮುಖವೇ ಇವತ್ತಿಗೂ ಇದೆ, ಹೊಸ ವಿನ್ಯಾಸ ಮಾಡಿಲ್ಲ.

ಕೋರ್ಟು ಕಚೇರಿ
"ಅಂಗಡಿಯವನು ಬೇಡ ಅನ್ನಬಹುದಾ" ಅನ್ನುವ ಪ್ರಶ್ನೆಗೆ ಯಾರೂ ಉತ್ತರಿಸಿಲ್ಲ. ಅನ್ನಬಹುದು. ಕಾನೂನುಬದ್ಧ ಹಣ ಅಂದರೆ ಸಾಲ ತೀರಿಸಲು, ತೆರಿಗೆ ಕಟ್ಟಲು ಸಲ್ಲುತ್ತದೆ ಅಂತ. ಖಾಸಗಿ ಅಂಗಡಿ ಪ್ರತಿ ನೋಟನ್ನೂ ತೆಗೆದುಕೊಳ್ಳಲೇಬೇಕು ಅಂತ ಅಮೆರಿಕದ ಕೇಂದ್ರ ಕಾನೂನು ಹೇಳುವುದಿಲ್ಲ. ಕೆಲವು ರಾಜ್ಯ, ನಗರಗಳಲ್ಲಿ ನಗದು ಬೇಡ ಅನ್ನುವ ಹಾಗಿಲ್ಲ ಅಂತ ಬೇರೆ ನಿಯಮ ಇದೆ. ಪೆಟ್ರೋಲ್ ಬಂಕಿನಲ್ಲಿ "50, 100 ತೆಗೆದುಕೊಳ್ಳುವುದಿಲ್ಲ" ಅಂತ ಬೋರ್ಡು ನೋಡಿಲ್ವಾ?

ಹುಬ್ಬಳ್ಳಿ ಗಿರಮಿಟ್
ಇದು ತಪ್ಪು ರೀ. ಚಲಾವಣೆಯ ನೋಟು ನಿರಾಕರಿಸಿದರೆ ಅಪರಾಧ. ನಮ್ಮಲ್ಲಿ 10 ರೂಪಾಯಿ ನಾಣ್ಯ ಬೇಡ ಅಂದವರ ಮೇಲೆ ಕೇಸ್ ಹಾಕುತ್ತೇವೆ ಅಂತ ಅಧಿಕಾರಿಗಳೇ ಹೇಳಿದ್ದರು.

ಕೋರ್ಟು ಕಚೇರಿ
ನಾನು ಹೇಳಿದ್ದು ಅಮೆರಿಕದ ಮಾತು, ನೀವು ಹೇಳುತ್ತಿರುವುದು ಭಾರತದ್ದು. ಎರಡನ್ನೂ ಕಲಸಬೇಡಿ. ಇನ್ನು ಭಾರತದಲ್ಲೂ ನಾಣ್ಯಕ್ಕೆ ಮಿತಿ ಇದೆ. 2011ರ ನಾಣ್ಯ ಕಾಯ್ದೆ ಪ್ರಕಾರ 1 ರೂಪಾಯಿ ಮತ್ತು ಮೇಲಿನ ನಾಣ್ಯಗಳಲ್ಲಿ ಒಂದು ಸಲಕ್ಕೆ 1000 ರೂಪಾಯಿವರೆಗೆ ಮಾತ್ರ ಸಲ್ಲುತ್ತದೆ. ಚೀಲ ತುಂಬ ನಾಣ್ಯ ತಂದು ಸ್ಕೂಟರ್ ಕೊಡಿ ಅಂದರೆ ಶೋರೂಮಿನವನು ಆಗಲ್ಲ ಅನ್ನಬಹುದು.

ಹುಬ್ಬಳ್ಳಿ ಗಿರಮಿಟ್
ಆದರೂ ವಿಡಿಯೋ ಮಾಡಿ ಹಾಕುವುದಕ್ಕೆ ಎಲ್ಲ ಶೋರೂಮಿನವರೂ ಖುಷಿಯಿಂದ ಎಣಿಸುತ್ತಾರೆ ನೋಡಿ 😄

ಲೆಕ್ಕದ ಮೇಷ್ಟ್ರು
ಬಳಕೆಯ ಮಾತು ಬಿಡಿ, ಲೆಕ್ಕ ನೋಡೋಣ. 1 ಮತ್ತು 5ರ ನೋಟು ಮಾತ್ರ ಇದ್ದರೆ, 1ರಿಂದ 9ರವರೆಗಿನ ಒಂಬತ್ತು ಮೊತ್ತಗಳನ್ನು ಒಂದೊಂದು ಸಲ ಕೊಡಲು ಒಟ್ಟು 25 ನೋಟು ಬೇಕು. ಜೊತೆಗೆ 2ರದ್ದೂ ಇದ್ದರೆ 17 ಸಾಕು. 4 ಕೊಡಬೇಕಾದರೆ ನಾಲ್ಕರ ಬದಲು ಎರಡು, 9ಕ್ಕೆ ಐದರ ಬದಲು ಮೂರು. ಮೂರರಲ್ಲಿ ಒಂದು ಪಾಲು ಕಾಗದ ಹತ್ತಿರ ಹತ್ತಿರ ಉಳಿಯಿತು.

ಅದಕ್ಕೇ ಜಗತ್ತಿನ ಬಹುಪಾಲು ಕಡೆ 1, 2, 5, 10, 20, 50 ಅಂತ ಸರಣಿ ಇರುವುದು. ರೂಪಾಯಿಯೂ ಹಾಗೇ, ಯೂರೋ ಕೂಡ ಹಾಗೇ. ಅಮೆರಿಕದವರಿಗೂ 20 ಡಾಲರ್ ಅಂದರೆ ಪ್ರಾಣ, ಎಟಿಎಂ ತುಂಬ ಅದೇ. 20 ಒಗ್ಗಿದವರಿಗೆ 2 ಯಾಕೆ ಒಗ್ಗಲ್ಲ ಅನ್ನುವುದೇ ವಿಚಿತ್ರ.

ಬೆಣ್ಣೆ ದೋಸೆ
ಜನ ಲೆಕ್ಕ ಹಾಕಿಕೊಂಡು ಪರ್ಸ್ ತೆಗೆಯುವುದಿಲ್ಲ ಮೇಷ್ಟ್ರೇ.

ಕೆನಡಾ ಕಿಟ್ಟಿ
ಮೇಷ್ಟ್ರು ಹೇಳಿದ್ದಕ್ಕೆ ನಮ್ಮ ಊರಿನ ಉದಾಹರಣೆ ಕೊಡುತ್ತೇನೆ. ಕೆನಡಾದಲ್ಲಿ 2 ಡಾಲರ್ ದಿನಬಳಕೆಯಲ್ಲಿ ಚೆನ್ನಾಗಿ ಓಡುತ್ತದೆ. 1987ರಲ್ಲಿ 1 ಡಾಲರ್ ನಾಣ್ಯ ತಂದರು, 1996ರಲ್ಲಿ 2 ಡಾಲರ್ ನಾಣ್ಯ. ಮುಖ್ಯ ವಿಷಯ ಏನೆಂದರೆ, ನಾಣ್ಯ ತಂದ ಮೇಲೆ ಆ ಬೆಲೆಯ ಕಾಗದದ ನೋಟು ಕೊಡುವುದನ್ನೇ ನಿಲ್ಲಿಸಿದರು. ಜನ ಗೊಣಗಿದರು, ಆಮೇಲೆ ಸುಮ್ಮನಾದರು. 2021ರ ಜನವರಿ 1ರಿಂದ ಹಳೆಯ 1, 2 ಡಾಲರ್ ನೋಟುಗಳಿಗೆ ಕಾನೂನಿನ ಮಾನ್ಯತೆಯೂ ಹೋಯಿತು, ಬ್ಯಾಂಕಿನಲ್ಲಿ ಮಾತ್ರ ಬದಲಾಯಿಸಬಹುದು.

ಅಮೆರಿಕದವರಿಗೆ ಆ ಧೈರ್ಯ ಇಲ್ಲ. 1 ಡಾಲರ್ ನೋಟು ಹಾಗೇ ಇಟ್ಟುಕೊಂಡು ಪಕ್ಕದಲ್ಲಿ ಹೊಸದನ್ನು ನಿಲ್ಲಿಸುತ್ತಾರೆ. ಅಭ್ಯಾಸ ಇರುವುದನ್ನು ಬಿಟ್ಟು ಯಾರು ಹೊಸದಕ್ಕೆ ಕೈ ಹಾಕುತ್ತಾರೆ?

ನಾಣ್ಯದ ಹುಚ್ಚ
ಕಿಟ್ಟಿ ಅವರದ್ದು ನೂರಕ್ಕೆ ನೂರು ಸರಿ. ಅಮೆರಿಕದ 1 ಡಾಲರ್ ನಾಣ್ಯದ ಪಾಡೂ ಅದೇ. 1979ರಲ್ಲಿ ಮಹಿಳಾ ಮತದಾನದ ಹೋರಾಟಗಾರ್ತಿ ಸೂಸನ್ ಆಂಟನಿ ಚಿತ್ರದ ನಾಣ್ಯ ತಂದರು, ನೋಡಲು ಕ್ವಾರ್ಟರ್ (25 ಸೆಂಟ್ ನಾಣ್ಯ) ತರಹವೇ ಇತ್ತು, ಜನ ಬೈದುಕೊಂಡರು. 2000ದಲ್ಲಿ ಸಕಾಜವಿಯಾ ಅನ್ನುವ ಮೂಲನಿವಾಸಿ ಮಹಿಳೆಯ ಚಿತ್ರದ, ಚಿನ್ನದ ಬಣ್ಣದ ನಾಣ್ಯ. 2007ರಿಂದ ಅಧ್ಯಕ್ಷರ ಸರಣಿ. ಗೋದಾಮುಗಳಲ್ಲಿ ರಾಶಿ ಬಿದ್ದು, 2011ರ ಕೊನೆಗೆ ಚಲಾವಣೆಗಾಗಿ ಟಂಕಿಸುವುದನ್ನೇ ನಿಲ್ಲಿಸಿದರು. ಕಾಗದದ 1 ಇರುವವರೆಗೆ ಇವು ಯಾವುದೂ ಏಳುವುದಿಲ್ಲ.

ಕೌಂಟರ್ ಕಮಲ
ನಾನು ಒಪ್ಪಲ್ಲ. 1ರ ನೋಟು ತೆಗೆದರೆ 2 ಓಡುತ್ತದೆ ಅನ್ನುವುದು ಸರಿ. ಆದರೆ ತೆಗೆಯದಿದ್ದರೆ ಓಡುವುದೇ ಇಲ್ಲ ಅಂತ ಏನಿಲ್ಲ. ಬ್ಯಾಂಕಿನವರು ಅಂಗಡಿಗಳಿಗೆ ಕಟ್ಟು ಕಟ್ಟಾಗಿ ಕೊಟ್ಟು, ಟ್ರೇನಲ್ಲಿ ಒಂದು ಖಾನೆ ಮಾಡಿದ್ದರೆ ಕ್ಯಾಶಿಯರುಗಳು ಖುಷಿಯಿಂದ ಬಳಸುತ್ತಿದ್ದರು. ದಿನವಿಡೀ ಒಂದರ ನೋಟು ಎಣಿಸುವುದು ಯಾರಿಗೂ ಇಷ್ಟದ ಕೆಲಸವಲ್ಲ.

ಕೆನಡಾ ಕಿಟ್ಟಿ
ಬ್ಯಾಂಕು ಯಾಕೆ ತರಿಸುತ್ತದೆ? ಅಂಗಡಿ ಕೇಳಬೇಕು. ಅಂಗಡಿ ಯಾಕೆ ಕೇಳುತ್ತದೆ? ಗಿರಾಕಿ ಕೇಳಬೇಕು. ಗಿರಾಕಿ ಕೇಳಿದರೆ ಬೆಣ್ಣೆ ದೋಸೆಯವರ ತರಹ ಪೆಟ್ಟಿಗೆಯಲ್ಲಿಡಲು ಕೇಳುತ್ತಾನೆ.

ಬೆಣ್ಣೆ ದೋಸೆ
ನನ್ನನ್ನು ಯಾಕೆ ಎಳೆಯುತ್ತೀರಿ 😒

ಟೋಕಿಯೊ ತಮ್ಮಯ್ಯ
ಇದಕ್ಕಿಂತ ತಮಾಷೆಯ ನೋಟು ನಮ್ಮಲ್ಲಿದೆ. ಜಪಾನಿನ 2000 ಯೆನ್. 2000ದ ಜುಲೈ 19ರಂದು ಬಿಟ್ಟರು. ಹೊಸ ಸಹಸ್ರಮಾನ, ಜೊತೆಗೆ ಓಕಿನಾವಾದಲ್ಲಿ ಜಿ8 ಶೃಂಗಸಭೆ. ಪ್ರಧಾನಿ ಒಬುಚಿ ಅವರ ಕನಸಿನ ನೋಟು, ಆದರೆ ಅದು ಹೊರಬರುವ ಮೊದಲೇ ಅವರು ತೀರಿಕೊಂಡರು. ಮುಂದೆ ಯಾವ ಮನುಷ್ಯನ ಮುಖವೂ ಇಲ್ಲ, ಓಕಿನಾವಾದ ಶುರೇಯ್‌ಮೊನ್ ಅನ್ನುವ ಹೆಬ್ಬಾಗಿಲಿದೆ. ಹಿಂದೆ ಹಳೆಯ ಜಪಾನಿ ಕಾದಂಬರಿ ಗೆಂಜಿ ಕಥೆಯ ಚಿತ್ರ, ಅದನ್ನು ಬರೆದ ಮುರಸಾಕಿ ಶಿಕಿಬು. ನನ್ನ ಕಣ್ಣಿಗೆ ಜಪಾನಿನ ಅತಿ ಚಂದದ ನೋಟು ಇದೇ.

ಓಡಲಿಲ್ಲ. ಜಪಾನ್ ಅಂದರೆ ಯಂತ್ರಗಳ ದೇಶ. ಪಾನೀಯ, ರೈಲಿನ ಟಿಕೆಟ್, ಊಟದ ಟೋಕನ್ ಎಲ್ಲಕ್ಕೂ ಯಂತ್ರ. ಬಹಳಷ್ಟು ಯಂತ್ರಗಳು ಇದನ್ನು ತೆಗೆದುಕೊಳ್ಳಲಿಲ್ಲ. ಇಲ್ಲಿನವರಿಗೆ 1000, 5000, 10000 ಒಗ್ಗಿಹೋಗಿತ್ತು. ಮಧ್ಯೆ 2ರ ಲೆಕ್ಕ ಬಂದಿದ್ದು ತೊಡಕೇ ಆಯಿತು. ಕೆಲವೇ ವರ್ಷದಲ್ಲಿ ಅಚ್ಚು ನಿಲ್ಲಿಸಿದರು. 2024ರಲ್ಲಿ ಉಳಿದ ಮೂರೂ ನೋಟುಗಳಿಗೆ ಹೊಸ ಮುಖ ಬಂತು, ಇದನ್ನು ಮಾತ್ರ ಮುಟ್ಟಲೇ ಇಲ್ಲ.

ಆದರೆ ಓಕಿನಾವಾಗೆ ಹೋಗಿ ನೋಡಿ. ಅಲ್ಲಿನ ಎಟಿಎಂಗಳಲ್ಲಿ ಇವತ್ತಿಗೂ 2000 ಯೆನ್ ಸಿಗುತ್ತದೆ, ಅಂಗಡಿಯವರು ಹುಬ್ಬೇರಿಸದೆ ತೆಗೆದುಕೊಳ್ಳುತ್ತಾರೆ. ಅದು ತಮ್ಮ ಊರಿನ ನೋಟು ಅನ್ನುವ ಹೆಮ್ಮೆ. 2019ರಲ್ಲಿ ಶುರಿ ಕೋಟೆಯ ಮುಖ್ಯ ಅರಮನೆ ಸುಟ್ಟುಹೋದಾಗಲೂ ನೋಟಿನ ಮೇಲಿರುವ ಈ ಬಾಗಿಲು ಉಳಿಯಿತು.

ಲೆಕ್ಕದ ಮೇಷ್ಟ್ರು
ತಮ್ಮಯ್ಯ, ಒಳ್ಳೆಯ ಮಾಹಿತಿ. ಯಂತ್ರದ ವಿಷಯದಲ್ಲಿ ಅಮೆರಿಕಕ್ಕೆ ಅಷ್ಟು ನೆಪ ಇಲ್ಲ. ಅವರ ಎಲ್ಲ ನೋಟುಗಳೂ ಒಂದೇ ಅಳತೆ. ಸಾಫ್ಟ್‌ವೇರ್ ಕಲಿಸಿದರೆ ಸಾಕು, ಕಲಿಸಿದ ಯಂತ್ರಗಳು ತೆಗೆದುಕೊಳ್ಳುತ್ತವೆ, ಕಲಿಸದವು ಉಗುಳುತ್ತವೆ. ನಮ್ಮ 2000 ರೂಪಾಯಿ ಬಂದಾಗ ಸೈಜೇ ಬೇರೆ. ದೇಶದ ಎಟಿಎಂಗಳ ಟ್ರೇಗಳನ್ನೆಲ್ಲ ಒಂದೊಂದಾಗಿ ಹೊಂದಿಸಬೇಕಾಯಿತು. 2016ರ ನವೆಂಬರಿನ ಆ ಕ್ಯೂಗಳು ನೆನಪಿದೆಯಲ್ಲ?

ಹುಬ್ಬಳ್ಳಿ ಗಿರಮಿಟ್
ನೆನಪಿಲ್ಲದೆ! ನಮ್ಮ ಅಪ್ಪ ದಿನವಿಡೀ ನಿಂತು ಒಂದು ಗುಲಾಬಿ ನೋಟು ತಂದರು. ಮನೆಯವರೆಲ್ಲ ಮುಟ್ಟಿ ನೋಡಿದೆವು. ಆಮೇಲೆ ಅದನ್ನು ಮುರಿಸಲು ಊರೆಲ್ಲ ಸುತ್ತಿದೆವು. ಹಳೇ 500 ಇಲ್ಲ, ಹೊಸ 500 ಇನ್ನೂ ಬಂದಿಲ್ಲ. 100ರ ನಂತರ ಸೀದಾ 2000. ಇಪ್ಪತ್ತು ನೂರರ ನೋಟು ಯಾರು ಕೊಡುತ್ತಾರೆ? ಕೊನೆಗೆ ಮೆಡಿಕಲ್ ಶಾಪಿನಲ್ಲಿ ಬೇಡದ ಟಾನಿಕ್ ಎಲ್ಲ ಕೊಂಡು ಮುರಿಸಿದರು.

ಮೈಸೂರು ಪಾಕ
ಆ ಸಂದು ತುಂಬುವುದಕ್ಕೇ 2017ರ ಆಗಸ್ಟಿನಲ್ಲಿ 200ರ ನೋಟು ಬಂದಿದ್ದು. ಸಾಂಚಿ ಸ್ತೂಪ ಇರುವುದು. ಅದು ಮೊದಮೊದಲು ಎಟಿಎಂನಲ್ಲಿ ಬರುತ್ತಿರಲಿಲ್ಲ, ಈಗ ಚೆನ್ನಾಗಿ ಓಡುತ್ತದೆ. ಮೇಷ್ಟ್ರ 1-2-5 ಲೆಕ್ಕ ನಮ್ಮಲ್ಲಿ ಗೆದ್ದಿದೆ ಅನ್ನಿ.

ಅಂದಹಾಗೆ, ಆ ಗುಲಾಬಿ ನೋಟು ನಮ್ಮ ಮೈಸೂರಿನ ಪ್ರೆಸ್ಸಿನಲ್ಲೂ ಅಚ್ಚಾಗಿತ್ತು ಅನ್ನುವುದು ನಮಗೆ ಒಂದು ಹೆಮ್ಮೆ.

ಹುಬ್ಬಳ್ಳಿ ಗಿರಮಿಟ್
ಹೆಮ್ಮೆಯೋ ಏನೋ, ಅದರೊಳಗೆ ಚಿಪ್ ಹಾಕಿದ್ದೂ ನೀವೇನಾ? 😂 ನೆಲದಡಿ ಹೂತಿಟ್ಟರೂ ಉಪಗ್ರಹಕ್ಕೆ ಸಿಗ್ನಲ್ ಹೋಗುತ್ತದೆ ಅಂತ ಟಿವಿಯವರು ಗ್ರಾಫಿಕ್ಸ್ ಹಾಕಿ ತೋರಿಸಿದ್ದರಲ್ಲ!

ಮೈಸೂರು ಪಾಕ
ಚಿಪ್ಪೂ ಇಲ್ಲ, ಚಕ್ಕುಲಿಯೂ ಇಲ್ಲ. ಉಪಗ್ರಹ ಇದ್ದದ್ದು ಹಿಂಬದಿಯ ಚಿತ್ರದಲ್ಲಿ ಮಾತ್ರ, ಮಂಗಳಯಾನದ್ದು.

ಕೋರ್ಟು ಕಚೇರಿ
ವಿಷಯ 2 ಡಾಲರ್ ಇತ್ತು. ಎಲ್ಲಿಂದ ಎಲ್ಲಿಗೆ ಬಂದೆವು.

ಎಡಿಸನ್ ಅತ್ತಿಗೆ
ವಿಷಯಕ್ಕೇ ಬರುತ್ತೇನೆ. ನಮ್ಮ ಮನೆಯಲ್ಲಿ 2 ಡಾಲರ್ ನೋಟು ಖರ್ಚಾಗುತ್ತದೆ, ಅಂಗಡಿಯಲ್ಲಿ ಅಲ್ಲ ಅಷ್ಟೇ. ಮಕ್ಕಳ ಹಲ್ಲು ಬಿದ್ದರೆ ಇಲ್ಲಿನ ರೂಢಿಯಂತೆ ದಿಂಬಿನ ಕೆಳಗೆ ಇಡಲು, ದೀಪಾವಳಿಗೆ ಅಕ್ಕಪಕ್ಕದ ಮಕ್ಕಳಿಗೆ ಕೊಡಲು. ಬ್ಯಾಂಕಿಗೆ ಒಂದು ವಾರ ಮೊದಲೇ ಹೇಳಿದರೆ ಹೊಸ ಗರಿಗರಿ ಕಟ್ಟು ತರಿಸಿಕೊಡುತ್ತಾರೆ. ಐದು ಕೊಟ್ಟರೂ ಕಾಣದ ಖುಷಿ ಎರಡರ ನೋಟು ಕೊಟ್ಟಾಗ ಕಾಣುತ್ತದೆ.

ನನ್ನ ಆಫೀಸಿನ ವಿಯೆಟ್ನಾಂ ಗೆಳತಿಯರೂ ಹೀಗೇ. ಅವರ ಹೊಸ ವರ್ಷಕ್ಕೆ ಕೆಂಪು ಲಕೋಟೆಯಲ್ಲಿ 2 ಡಾಲರ್ ಹಾಕಿ ಕೊಡುತ್ತಾರೆ, ಅದೃಷ್ಟ ಅಂತ. ವಿಯೆಟ್ನಾಮಿನಲ್ಲೇ ಆ ಸಮಯದಲ್ಲಿ ಈ ನೋಟಿಗೆ ಮುಖಬೆಲೆಗಿಂತ ಹೆಚ್ಚು ಕೊಟ್ಟು ಕೊಳ್ಳುತ್ತಾರಂತೆ. ಅಮೆರಿಕದವರು ಬೇಡ ಅನ್ನುವ ನೋಟಿಗೆ ಅಲ್ಲಿ ಬೇಡಿಕೆ!

ಮಲೆನಾಡ ಮಾಣಿ
ಅದೃಷ್ಟವಾ? ನಮ್ಮ ಆಫೀಸಿನ ಒಬ್ಬ ಹಿರಿಯ ಅಮೆರಿಕನ್ ಇದು ಅಪಶಕುನದ ನೋಟು ಅಂದನಲ್ಲ.

ನಾಣ್ಯದ ಹುಚ್ಚ
ಎರಡೂ ಇದೆ. ಹಳೇ ಕಾಲದಲ್ಲಿ ಕುದುರೆ ಜೂಜಿನ ಕನಿಷ್ಠ ಪಣ 2 ಡಾಲರ್. ಓಟು ಕೊಳ್ಳುವವರು ಕೊಡುತ್ತಿದ್ದದ್ದೂ ಇದೇ ನೋಟು ಅಂತ ಹೇಳುತ್ತಾರೆ. ಜೇಬಿನಲ್ಲಿ 2ರ ನೋಟು ಇದ್ದರೆ "ಎಲ್ಲಿಂದ ಬಂತಪ್ಪಾ" ಅನ್ನುವ ನೋಟ. ಅಪಶಕುನ ಹೋಗಲಿ ಅಂತ ಮೂಲೆ ಹರಿಯುವ ಪದ್ಧತಿಯಿತ್ತು. ಕೈ ಬದಲಾದ ಹಾಗೆಲ್ಲ ಒಂದೊಂದು ಮೂಲೆ ಹೋಗಿ, ನಾಲ್ಕೂ ಮೂಲೆ ಮುಗಿದ ಮೇಲೆ ನೋಟೇ ಕೆಲಸಕ್ಕೆ ಬಾರದು. ನನ್ನ ಸಂಗ್ರಹದಲ್ಲಿ ಕಿವಿ ಇಲ್ಲದ ಅಂಥ ನೋಟುಗಳಿವೆ.

ಹುಬ್ಬಳ್ಳಿ ಗಿರಮಿಟ್
ನಮ್ಮವರು ಮುಯ್ಯಿಗೆ 101, 501 ಹಾಕುವುದು ಶುಭಕ್ಕೆ. ಅಮೆರಿಕದ ಕನ್ನಡಿಗರು 51 ಡಾಲರ್ ಹಾಕುವಾಗ ಆ ಒಂದು ಡಾಲರಿಗೆ ನೋಟು ಹುಡುಕುತ್ತಾರಲ್ಲ, 52 ಹಾಕಿದರೆ ಈ ನೋಟೂ ಖಾಲಿ ಆಗುತ್ತದೆ.

ಎಡಿಸನ್ ಅತ್ತಿಗೆ
52 ಸಮಸಂಖ್ಯೆ! ನಮ್ಮ ಅತ್ತೆ ಲಕೋಟೆ ವಾಪಸ್ ಕಳಿಸುತ್ತಾರೆ. ಮುಯ್ಯಿಗೆ ಭಾರತದಲ್ಲೇ 1 ರೂಪಾಯಿ ನೋಟಿಗೆ ಬೇಡಿಕೆ ನೋಡಿ. 1994ರಲ್ಲಿ ನಿಲ್ಲಿಸಿದ್ದನ್ನು 2015ರಲ್ಲಿ ಮತ್ತೆ ಹಾಕಿದರು. ಆ ನೋಟಿನಿಂದ ಯಾರೂ ಏನೂ ಕೊಂಡಿದ್ದನ್ನು ನಾನು ಕಂಡಿಲ್ಲ, ಆದರೆ ಲಕೋಟೆಗೆ ಬೇಕೇ ಬೇಕು.

ಕೋರ್ಟು ಕಚೇರಿ
ಅದಕ್ಕೆ ರಿಸರ್ವ್ ಬ್ಯಾಂಕ್ ಗವರ್ನರ್ ಸಹಿ ಇರುವುದಿಲ್ಲ, ಗಮನಿಸಿದ್ದೀರಾ? 1 ರೂಪಾಯಿ ನೋಟು ಭಾರತ ಸರ್ಕಾರದ್ದು, ಹಣಕಾಸು ಕಾರ್ಯದರ್ಶಿ ಸಹಿ ಹಾಕುತ್ತಾರೆ.

ಬೆಣ್ಣೆ ದೋಸೆ
ಹಳೇ ನೋಟು ಅಂದಾಗ ನೆನಪಾಯಿತು. ಟ್ರ್ಯಾಕ್ಟರ್ ಚಿತ್ರದ 5 ರೂಪಾಯಿ ನೋಟಿದ್ದರೆ ಲಕ್ಷಗಟ್ಟಲೆ ಕೊಡುತ್ತಾರೆ ಅಂತ ಫೇಸ್‌ಬುಕ್ಕಿನಲ್ಲಿ ಬರುತ್ತಿದೆ. ನಮ್ಮ ಮನೆಯಲ್ಲಿ ಒಂದು ಕಟ್ಟೇ ಇದೆ. ಮೊದಲು ನೋಂದಣಿ ಶುಲ್ಕ ಕಳಿಸಿ ಅಂತಾರೆ. ಕಳಿಸಲಾ?

ನಾಣ್ಯದ ಹುಚ್ಚ
ಬೇಡ! ಬೇಡ! ಬೇಡ! ಇದು ಶುದ್ಧ ಮೋಸ. ಶುಲ್ಕ, ಕಮಿಷನ್, ತೆರಿಗೆ ಅಂತ ನಿಮ್ಮಿಂದಲೇ ಕೀಳುತ್ತಾರೆ. ರಿಸರ್ವ್ ಬ್ಯಾಂಕಿನ ಹೆಸರು, ಲಾಂಛನ ಬಳಸಿಯೂ ಮಾಡುತ್ತಾರೆ. ಇಂಥ ವ್ಯವಹಾರ ನಾವು ಮಾಡುವುದಿಲ್ಲ, ಯಾರಿಗೂ ಅಧಿಕಾರ ಕೊಟ್ಟಿಲ್ಲ ಅಂತ 2021ರಲ್ಲಿ ರಿಸರ್ವ್ ಬ್ಯಾಂಕೇ ಎಚ್ಚರಿಕೆ ಕೊಟ್ಟಿತ್ತು. ಟ್ರ್ಯಾಕ್ಟರ್ ನೋಟು ಕೋಟಿಗಟ್ಟಲೆ ಅಚ್ಚಾಗಿದೆ, ಅಪರೂಪವೇ ಅಲ್ಲ.

ಬೆಣ್ಣೆ ದೋಸೆ
ಸರಿ ಬಿಡಿ. ಆ ನಂಬರ್ ಬ್ಲಾಕ್ ಮಾಡುತ್ತೇನೆ.

ಟೆಕ್ ತಿಪ್ಪೇಶ
2 ಡಾಲರ್ ವಿಷಯದಲ್ಲಿ ಯಾರೂ ವೋಜ್ನಿಯಾಕ್ ಹೆಸರು ಎತ್ತಲಿಲ್ಲ! ಆಪಲ್ ಸಹ ಸಂಸ್ಥಾಪಕ. ಅಮೆರಿಕದ ಮುದ್ರಣಾಲಯ ಕತ್ತರಿಸದ ನೋಟಿನ ಹಾಳೆಗಳನ್ನು ಯಾರಿಗೆ ಬೇಕಾದರೂ ಮಾರುತ್ತದೆ. ಆತ ಅವನ್ನು ಕೊಂಡು, ಪುಸ್ತಕದ ಹಾಗೆ ಅಂಟಿಸಿ, ಸಾಲಾಗಿ ತೂತು ಹೊಡೆಸಿ, ಹೋಟೆಲಿನಲ್ಲಿ ಚೀಟಿ ಹರಿದಂತೆ ಹರಿದು ಟಿಪ್ಸ್ ಕೊಡುತ್ತಾನೆ. ಅಸಲಿ ನೋಟೇ, ಆದರೂ ಅಧಿಕಾರಿಗಳು ಹಿಡಿದು ವಿಚಾರಿಸಿದ್ದಾರೆ.

ಕೌಂಟರ್ ಕಮಲ
ಕ್ಲೆಮ್ಸನ್ ವಿಶ್ವವಿದ್ಯಾಲಯದವರದ್ದು ಇನ್ನೂ ಚೆನ್ನ. 1977ರಲ್ಲಿ ಅಟ್ಲಾಂಟಾದ ಜಾರ್ಜಿಯಾ ಟೆಕ್ ತಂಡ ಇನ್ನು ಇವರ ಜೊತೆ ಫುಟ್ಬಾಲ್ ಆಡುವುದಿಲ್ಲ ಅಂದಿತು. ಇವರ ಅಭಿಮಾನಿಗಳು ಅಟ್ಲಾಂಟಾಗೆ ಹೋದಾಗ ತಮ್ಮ ತಂಡದ ಗುರುತಾದ ಕಿತ್ತಳೆ ಬಣ್ಣದ ಹುಲಿಹೆಜ್ಜೆಯ ಮುದ್ರೆ ಒತ್ತಿದ 2 ಡಾಲರ್ ನೋಟುಗಳಲ್ಲೇ ಖರ್ಚು ಮಾಡಿದರು. ನಮ್ಮಿಂದ ನಿಮ್ಮ ಊರಿಗೆ ಎಷ್ಟು ವ್ಯಾಪಾರ ನೋಡಿ ಅಂತ ತೋರಿಸುವುದಕ್ಕೆ. ಹೊರ ಊರಿನ ಪಂದ್ಯಕ್ಕೆ ಹೋದಾಗ ಈಗಲೂ ಹಾಗೇ ಮಾಡುತ್ತಾರೆ. ಯಾರೂ ಬಳಸದ ನೋಟಾಗಿದ್ದರಿಂದಲೇ ಅದು ಎದ್ದು ಕಂಡಿತು. 1ರ ನೋಟಿನಲ್ಲಿ ಆ ಕೆಲಸ ಆಗುತ್ತಿರಲಿಲ್ಲ.

ಮಲೆನಾಡ ಮಾಣಿ
ಎಲ್ಲರಿಗೂ ಥ್ಯಾಂಕ್ಸ್. ನನ್ನ ಹತ್ತಿರ ಇರುವುದೆಲ್ಲ 2003, 2013, 2017ರ ಸರಣಿ, ಹಸಿರು ಸೀಲು, ನಕ್ಷತ್ರ ಇಲ್ಲ. ಖರ್ಚು ಮಾಡಿ ಮುಗಿಸೋಣ ಅಂತ ಇದ್ದೇನೆ. ಎಲ್ಲಿ ತಕರಾರಿಲ್ಲದೆ ತೆಗೆದುಕೊಳ್ಳುತ್ತಾರೆ?

ಕೌಂಟರ್ ಕಮಲ
ಟಿಪ್ಸ್ ಆಗಿ ಕೊಡಿ. ಕಾಫಿ ಅಂಗಡಿ, ಕ್ಷೌರದಂಗಡಿ. ಮುಂದಿನ ಸಲ ಹೋದಾಗ ನಿಮ್ಮ ಹೆಸರು ಅವರಿಗೆ ನೆನಪಿರುತ್ತದೆ.

ಎಡಿಸನ್ ಅತ್ತಿಗೆ
ವರ್ಜೀನಿಯಾಗೆ ಹೋದರೆ ಮಾಂಟಿಚೆಲ್ಲೋದಲ್ಲಿ ಕೊಡಿ. ಜೆಫರ್ಸನ್ ಮನೆ ಅಲ್ವಾ, ಅಲ್ಲಿ ಟಿಕೆಟ್ಟಿನ ಚಿಲ್ಲರೆಯನ್ನು ಅವರೇ 2 ಡಾಲರ್ ನೋಟಿನಲ್ಲಿ ಕೊಡುತ್ತಾರೆ. ಖಾಲಿ ಮಾಡಲು ಹೋಗಿ ಇನ್ನಷ್ಟು ತಂದೀರಿ, ಹುಷಾರು.

ಹುಬ್ಬಳ್ಳಿ ಗಿರಮಿಟ್
ಒಂದು ಸಣ್ಣ ಅಡ್ಡಪ್ರಶ್ನೆ. ಅಪ್ಪನ ಹಳೇ ಡೈರಿಯಲ್ಲಿ ಎರಡು ಗುಲಾಬಿ 2000 ಸಿಕ್ಕಿವೆ. ಬ್ಯಾಂಕಿನವರು ಕಾಲ ಮುಗಿದಿದೆ ಅಂದರು. ಇನ್ನು ಇವು ಬರೀ ಕಾಗದವಾ?

ಕೋರ್ಟು ಕಚೇರಿ
ಅಲ್ಲ. 2023ರ ಮೇ 19ರಂದು ಚಲಾವಣೆಯಿಂದ ಹಿಂದಕ್ಕೆ ಪಡೆಯುತ್ತೇವೆ ಅಂದರು, ಮಾನ್ಯತೆ ರದ್ದು ಮಾಡಲಿಲ್ಲ. ಎರಡಕ್ಕೂ ವ್ಯತ್ಯಾಸ ಇದೆ. ಬ್ಯಾಂಕ್ ಶಾಖೆಗಳಲ್ಲಿ ಕಟ್ಟುವ ಅವಕಾಶ ಮುಗಿದಿದ್ದು 2023ರ ಅಕ್ಟೋಬರ್ 7ಕ್ಕೆ. ಆಮೇಲೆ ರಿಸರ್ವ್ ಬ್ಯಾಂಕಿನ 19 ವಿತರಣಾ ಕಚೇರಿಗಳಲ್ಲಿ ಕಟ್ಟಲು ಬಿಟ್ಟರು. ಕರ್ನಾಟಕಕ್ಕೆ ಬೆಂಗಳೂರು ಕಚೇರಿ, ನೃಪತುಂಗ ರಸ್ತೆಯಲ್ಲಿದೆ. ಹೋಗಲು ಆಗದಿದ್ದರೆ ಅಂಚೆ ಕಚೇರಿಯಿಂದಲೂ ಕಳಿಸಬಹುದು, ಹಣ ನಿಮ್ಮ ಖಾತೆಗೆ ಬರುತ್ತದೆ. ಗುರುತಿನ ಚೀಟಿ, ಖಾತೆಯ ವಿವರ ಜೊತೆಗಿಡಿ.

ಹುಬ್ಬಳ್ಳಿ ಗಿರಮಿಟ್
ಅಂಚೆಯಲ್ಲಿ ಕಳಿಸುತ್ತೇನೆ. ಒಂದನ್ನು ಮಾತ್ರ. ಇನ್ನೊಂದು ಇರಲಿ ಅಂತ ಅವ್ವ ಹೇಳುತ್ತಿದ್ದಾರೆ.

ಕೆನಡಾ ಕಿಟ್ಟಿ
ನೋಡಿ, ಶುರುವಾಯಿತು.